ಪಕ್ಕದ ಮನೆಯ ಬಾವಿ

ನಮ್ಮ ಬಾಡಿಗೆ ಅಗ್ರಿಮೆಂಟಿನಲ್ಲಿ ಹದಿನೇಳು ಷರತ್ತುಗಳಿವೆ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ರಸ್ತೆಗೆ ಕಾಣುವಂತೆ ಬಾಲ್ಕನಿಯಲ್ಲಿ ಬಟ್ಟೆ ಹರವುವ ಹಾಗಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿಯೇ ಕೊಡಬೇಕು. ಮನೆ ಬಿಡುವಾಗ ಸುಣ್ಣ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ಅವಧಿ ಹನ್ನೊಂದು ತಿಂಗಳು. ವರ್ಷ ಮೀರಿದ ಕರಾರಾದರೆ 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಾಗುತ್ತದೆ. ಆ ಓಡಾಟ, ಆ ಖರ್ಚು ಯಾರಿಗೂ ಬೇಡ. ಹಾಗಾಗಿ ಬಾಡಿಗೆದಾರರ ವರ್ಷಕ್ಕೆ ಹನ್ನೊಂದೇ ತಿಂಗಳು. ಈ ಹದಿನೇಳರಲ್ಲಿ ನೀರಿನ ಕುರಿತು ಇರುವುದು ಒಂದೇ ಸಾಲು: ನೀರಿನ ಖರ್ಚು ಮೇಂಟೆನೆನ್ಸ್‌ನಲ್ಲಿ ಸೇರಿದೆ. ಎರಡು ಬೇಸಿಗೆ, ಎರಡು ಮಳೆಗಾಲ ನಾನು ಈ ಒಂದು ಸಾಲನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ.

ಮನೆ ಇರುವುದು ಚಿಕ್ಕಮಗಳೂರಿನ ಅಂಚಿನ ಬಡಾವಣೆಯೊಂದರಲ್ಲಿ. ನಾಲ್ಕು ಮಹಡಿ, ಹದಿನಾರು ಮನೆ. ನಮ್ಮದು ಎರಡನೇ ಮಹಡಿ; ಅಡುಗೆಮನೆ ಕಿಟಕಿ ತೆರೆದರೆ ಮೋಡವಿಲ್ಲದ ದಿನ ಮುಳ್ಳಯ್ಯನಗಿರಿ ಸಾಲು ಎದುರಿಗೇ ನಿಲ್ಲುತ್ತದೆ. 2024ರ ಜನವರಿಯಲ್ಲಿ ಮನೆ ನೋಡಲು ಬಂದಾಗ ಬ್ರೋಕರ್ ಮೊದಲು ನಮ್ಮನ್ನು ಕರೆದುಕೊಂಡು ಹೋದದ್ದು ತಾರಸಿಗೆ. ಅಲ್ಲಿ ಸಾಲಾಗಿ ಸೋಲಾರ್ ಪ್ಯಾನೆಲ್, ನೀರು ಕಾಯಿಸುವ ಸೋಲಾರ್ ಟ್ಯಾಂಕು. ಕೆಳಗೆ ಮಳೆನೀರಿನ ಇಂಗುಗುಂಡಿ, ಕೊಳಚೆ ನೀರನ್ನು ಶುದ್ಧ ಮಾಡಿ ಗಿಡಗಳಿಗೆ ಬಿಡುವ ಪುಟ್ಟ ಘಟಕ. ಗೋಡೆಗಳು ಬಿಸಿಲಿನ ಶಾಖ ಒಳಗೆ ಬಿಡದ ಹಗುರ ಬ್ಲಾಕಿನವು. "ಇದು ಹಸಿರು ಕಟ್ಟಡ ಮೇಡಂ, ಬೆಂಗಳೂರಿನಲ್ಲೂ ಇಂಥದ್ದು ಸಿಗೋದು ಕಷ್ಟ" ಎಂದರು. ಅಕ್ಕಪಕ್ಕದ ಮನೆಗಳಿಗಿಂತ ಬಾಡಿಗೆ ಹೆಚ್ಚು. ಆದರೂ ಮನೆಯವರೂ ನಾನೂ ಅಂದೇ ಒಪ್ಪಿಕೊಂಡೆವು.

ನನಗೆ ಇಷ್ಟವಾದದ್ದಕ್ಕೆ ಕಾರಣವಿತ್ತು. ಅಪ್ಪ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು. ತೋಟದವರೇ ಕೊಟ್ಟ ಮನೆ. ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಮಾಡು. ಬಚ್ಚಲ ಒಲೆಯ ಮೇಲೆ ಹಗಲೂ ರಾತ್ರಿ ಹಂಡೆ. ಆಷಾಢದಲ್ಲಿ ಕಾಫಿ ಗಿಡದ ಬೊಡ್ಡೆಯೂ ಹಸಿ, ಸಿಲ್ವರ್ ಓಕ್ ಸೌದೆಯೂ ಹಸಿ. ಊದುಗೊಳವೆ ಹಿಡಿದು ಕೂತ ಅಮ್ಮನ ಕಣ್ಣು ಮಧ್ಯಾಹ್ನದ ಹೊತ್ತಿಗೆ ಕೆಂಡದಂತಾಗಿರುತ್ತಿತ್ತು. ಕೊನೆಯ ವರ್ಷಗಳಲ್ಲಿ ಅವಳ ಕೆಮ್ಮು ನಿಲ್ಲಲೇ ಇಲ್ಲ. ಹಾಗಾಗಿ ಹಳೆಯ ಮಲೆನಾಡಿನ ಮನೆಯೇ ನಿಜವಾದ ಪರಿಸರಸ್ನೇಹಿ ಮನೆ ಎಂದು ಯಾರಾದರೂ ಹಾಡಿ ಹೊಗಳಿದರೆ ನನಗೆ ಒಪ್ಪಲಾಗುವುದಿಲ್ಲ. ನಲ್ಲಿ ತಿರುಗಿಸಿದರೆ ಹೊಗೆಯಿಲ್ಲದೆ ಬಿಸಿನೀರು ಬರುವುದು ದೊಡ್ಡ ಸಂಗತಿ. ಮೊದಲ ದಿನ ಆ ನೀರಿಗೆ ಕೈಯೊಡ್ಡಿದಾಗ ನೆನಪಾದದ್ದು ಅಮ್ಮ.

ಮಳೆಗಾಲ ಬಂದ ಮೇಲೆ ಒಂದೊಂದೇ ಅರ್ಥವಾಗತೊಡಗಿತು. ಜೂನ್ ಎರಡನೇ ವಾರಕ್ಕೆ ಸೂರ್ಯ ಮರೆಯಾದರೆ ಸೋಲಾರ್ ಟ್ಯಾಂಕಿನ ಒಳಗಿನ ಕರೆಂಟ್ ಕಾಯಿಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಮೆಸ್ಕಾಂ ಬಿಲ್ಲು ಏಕೆ ಏರಿತೆಂದು ಹುಡುಕಿ ಕಂಡುಕೊಳ್ಳಲು ಎರಡು ತಿಂಗಳು ಬೇಕಾಯಿತು. ಬಟ್ಟೆ ಒಣಗಿಸುವುದು ಇನ್ನೊಂದು ಪಾಡು. ತೋಟದ ಮನೆಯಲ್ಲಿ ಬಚ್ಚಲ ಒಲೆಯ ಮೇಲ್ಗಡೆ ಬಿದಿರಿನ ಗಳ ಕಟ್ಟಿ ಒದ್ದೆ ಬಟ್ಟೆ ಹರವುತ್ತಿದ್ದೆವು. ಶಾಲೆಗೆ ಹೋದರೆ ಮೈಯೆಲ್ಲ ಹೊಗೆ ವಾಸನೆ. ಇಲ್ಲಿ ಹೊಗೆಯಿಲ್ಲ, ಗಳವಿಲ್ಲ, ಬಾಲ್ಕನಿಗೆ ಷರತ್ತಿದೆ. ಕೊನೆಗೆ ಬಟ್ಟೆ ಒಣಗಿಸುವ ಯಂತ್ರ ಕೊಂಡವರು ನಮ್ಮ ಕಟ್ಟಡದಲ್ಲೇ ಐದು ಮನೆಯವರು. ಜಾಣತನದಿಂದ ಕಟ್ಟಿದ ಮನೆಯೇ, ಸಂದೇಹವಿಲ್ಲ. ಆದರೆ ಆ ಜಾಣತನ ಬಿಸಿಲು ಹೇರಳವಾಗಿರುವ ಯಾವುದೋ ಊರಿನದು. ಮಲೆನಾಡಿನ ಸೆರಗಿನಲ್ಲಿ ಮೂರು ತಿಂಗಳು ಮನೆ ಹೇಗಿರಬೇಕೆಂದು ಕೇಳಿ ಕಟ್ಟಿದ್ದಲ್ಲ.

ಇಂಗುಗುಂಡಿಯದು ಇದಕ್ಕಿಂತ ಗಾಢವಾದ ಕಥೆ. ಮೊದಲ ವರ್ಷ ಜುಲೈ ತಿಂಗಳಿಡೀ ಅದು ತುಂಬಿ ತುಳುಕುತ್ತಲೇ ಇತ್ತು. ನಾಲ್ಕು ಪೈಪುಗಳಲ್ಲಿ ತಾರಸಿಯಿಂದ ಇಳಿದ ನೀರು ಗುಂಡಿಗೆ ಹೋಗುವುದು, ಗುಂಡಿ ಬೇಡವೆನ್ನುವುದು, ಅಲ್ಲಿಂದ ಉಕ್ಕಿ ರಸ್ತೆ ಬದಿಯ ಮೋರಿಗೆ ಸೇರುವುದು. ಒಂದು ಸಂಜೆ ಕೊಡೆ ಹಿಡಿದು ಅದನ್ನೇ ನೋಡುತ್ತ ನಿಂತಿದ್ದೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಅಜ್ಜಿ ಕೂಗಿ ಹೇಳಿದರು, "ಅದು ಗದ್ದೆ ಕಣವ್ವ. ಮಳೆಗಾಲದಲ್ಲಿ ಅಲ್ಲಿ ಮಂಡಿವರೆಗೆ ಹೂತ್ಕೊಂಡು ನಾಟಿ ಮಾಡ್ತಿದ್ವಿ. ಅದಕ್ಕೆ ಎಷ್ಟು ಅಂತ ನೀರು ಕುಡಿಸ್ತೀರಿ?"

ಇಡೀ ಜಾಗವೇ ಇಂಗುಗುಂಡಿಯಾಗಿತ್ತು. ಕೆರೆಯ ಕೆಳಗಿನ ಗದ್ದೆ ಮಳೆಗಾಲದ ನೀರನ್ನು ಬದುಗಳ ನಡುವೆ ತಿಂಗಳುಗಟ್ಟಲೆ ಹಿಡಿದು ನಿಲ್ಲಿಸಿ ನಿಧಾನವಾಗಿ ಕೆಳಗೆ ಬಿಡುತ್ತಿತ್ತು. ಅದರ ಮೇಲೆ ಮಣ್ಣು ತುಂಬಿ, ರೋಲರ್ ಓಡಿಸಿ, ಕಾಂಕ್ರೀಟ್ ಹಾಸಿ, ಕೊನೆಗೆ ಒಂದು ಮೂಲೆಯಲ್ಲಿ ಹತ್ತಡಿಯ ಗುಂಡಿ ತೋಡಿ ಅದಕ್ಕೆ ಮಳೆಕೊಯ್ಲು ಎಂದು ಬೋರ್ಡು ಹಾಕಿದ್ದೇವೆ.

ಊರು ಬೆಳೆಯಬಾರದೆಂದು ನಾನು ಹೇಳುವುದಿಲ್ಲ. ನಾನೇ ಆ ಬೆಳವಣಿಗೆಯ ಭಾಗ. 2013ರಲ್ಲಿ ಕಡೂರಿನಿಂದ ರೈಲು ಬಂತು. ಮೆಡಿಕಲ್ ಕಾಲೇಜು ಬಂತು. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದ ಕೆಲವರು ಇಲ್ಲೇ ಉಳಿದುಕೊಂಡರು. ನಾವು ಬಂದಾಗ ನಮ್ಮ ರಸ್ತೆಯಲ್ಲಿ ಏಳು ಹೆಂಚಿನ ಮನೆಗಳಿದ್ದವು, ಈಗ ಮೂರು. ಒಂದು ಹೋಮ್‌ಸ್ಟೇ ಆಗಿದೆ, ಒಂದು ವಿದ್ಯಾರ್ಥಿಗಳ ಪಿಜಿ, ಇನ್ನೊಂದರ ಜಗಲಿಯಲ್ಲಿ ಕೆಫೆ. ಶನಿವಾರ ಬೆಳಿಗ್ಗೆ ಮುಳ್ಳಯ್ಯನಗಿರಿ ದಾರಿಯ ಕೈಮರದ ಕಡೆ ಹೋಗುವ ರಸ್ತೆಯಲ್ಲಿ ಕಾರುಗಳು ಇರುವೆ ಸಾಲಿನಂತೆ ನಿಂತಿರುತ್ತವೆ. ಕಡೆಗೂ 2025ರ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಆನ್‌ಲೈನ್ ನೋಂದಣಿ ತಂದಿದ್ದಾರೆ, ದಿನಕ್ಕೆ ಇಂತಿಷ್ಟೇ ಎಂದು ಮಿತಿ ಹಾಕಿದ್ದಾರೆ. ಒಳ್ಳೆಯದಾಯಿತು. ಬೆಟ್ಟ ಎಷ್ಟು ಭಾರ ತಡೆಯುತ್ತದೆ ಎಂದು ಕೇಳಲು ಶುರು ಮಾಡಿದ್ದೇವೆ. ಬೆಟ್ಟದ ಬುಡದ ಬಡಾವಣೆಯ ನೆಲ ಎಷ್ಟು ತಡೆಯುತ್ತದೆಂದು ಇನ್ನೂ ಕೇಳಿಲ್ಲ.

ಅಜ್ಜಿಯ ಬಾವಿಯನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ನಾವು ಬಂದ ವರ್ಷದ ಮಾರ್ಚಿನಲ್ಲಿ. ನಮ್ಮ ಮೋಟಾರು ಸುಟ್ಟು ಎರಡು ದಿನ ನೀರಿರಲಿಲ್ಲ. ಕೊಡ ಹಿಡಿದು ಹೋದೆ. ಹಿತ್ತಲಿನಲ್ಲಿ ಕಲ್ಲು ಕಟ್ಟಿದ ಬಾವಿ, ಸುಮಾರು ಮೂವತ್ತು ಅಡಿ ಆಳ. ಕಲ್ಲಿನ ಸಂದುಗಳಲ್ಲಿ ಜರೀಗಿಡ. ಎದೆಮಟ್ಟದ ಕಟ್ಟೆ, ಹಗ್ಗ ಉಜ್ಜಿ ಉಜ್ಜಿ ಅದರ ಅಂಚಿನಲ್ಲಿ ಬೆರಳು ಹಿಡಿಯುವಷ್ಟು ಗೀರು ಬಿದ್ದಿತ್ತು. ರಾಟೆ ಇದ್ದರೂ ಅಜ್ಜಿ ಅದನ್ನು ಬಳಸುವುದಿಲ್ಲ. ಹಗ್ಗದ ತುಂಬ ಗಂಟುಗಳು. ಎರಡು ಮೊಳಕ್ಕೊಂದು ಗಂಟು. ಆರನೆಯ ಗಂಟಿಗೆ ಕೆಂಪು ಸೀರೆಯ ಅಂಚಿನ ಚೂರೊಂದನ್ನು ಕಟ್ಟಿದ್ದರು.

ಅದೇಕೆಂದು ಕೇಳಿದೆ.

"ಶಿವರಾತ್ರಿ ಒಳಗೆ ಕೆಂಪು ಬಟ್ಟೆ ಬಾವಿ ಒಳಗಿಳೀತು ಅಂದ್ರೆ ಹೂವಿನ ಗಿಡಕ್ಕೆ ನೀರು ಬಂದ್. ಸ್ನಾನದ ನೀರೇ ಬಾಳೆ ಬುಡಕ್ಕೆ. ಯುಗಾದಿ ಒಳಗೆ ಏಳನೇ ಗಂಟು ಇಳೀತು ಅಂದ್ರೆ ಬಟ್ಟೆ ಒಗೆಯೋದು ವಾರಕ್ಕೆ ಎರಡೇ ಸಲ. ನಮ್ಮೋರು ಇದ್ದಾಗ ಮಾಡಿದ್ದ ಲೆಕ್ಕ. ಹಗ್ಗ ಎಷ್ಟೋ ಬದಲಾಗಿದೆ, ಗಂಟು ಮಾತ್ರ ಹಳೇ ಹಗ್ಗ ಪಕ್ಕದಲ್ಲಿಟ್ಕೊಂಡು ಅಳತೆ ಮಾಡೇ ಹಾಕೋದು."

ಈಗ ಎಷ್ಟನೇ ಗಂಟು ಎಂದು ಕೇಳಿದೆ. ಅಜ್ಜಿ ಮಾತಾಡದೆ ಹಗ್ಗ ಬಿಟ್ಟರು. ಒಂದೊಂದು ಗಂಟೂ ಅಂಗೈಯಿಂದ ಜಾರಿ ಹೋಗುವಾಗ ಅವರ ತುಟಿ ಅಲುಗುತ್ತಿತ್ತು. ಒಂಬತ್ತನೆಯದಕ್ಕೆ ಕೊಡ ತಳ ಮುಟ್ಟಿತು, ಆದರೆ ಪೂರ್ತಿ ಮುಳುಗಲಿಲ್ಲ. ಓರೆಯಾಗಿ ಅಲ್ಲಾಡಿಸಿ ಅಲ್ಲಾಡಿಸಿ ಅರ್ಧ ಕೊಡ ಮೇಲೆ ಬಂತು. ಅದನ್ನು ಪೂರ್ತಿ ನನ್ನ ಕೊಡಕ್ಕೇ ಸುರಿದರು. ಬೇಡವೆಂದರೂ ಕೇಳಲಿಲ್ಲ.

ನಮ್ಮ ಕಟ್ಟಡದ ಬೋರ್‌ವೆಲ್ ಇರುವುದು ಆ ಬಾವಿಯಿಂದ ಮೂವತ್ತು ಹೆಜ್ಜೆಗೆ. ಆಳ ನಾನೂರು ಅಡಿಯ ಮೇಲೆ.

ಆತುರದಲ್ಲಿ ತೀರ್ಪು ಕೊಡುವುದು ನನಗಿಷ್ಟವಿಲ್ಲ. ಅದು ಬರದ ವರ್ಷ. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಿತ್ತು. ಎಲ್ಲರ ಬಾವಿಯೂ ಇಳಿದಿತ್ತು. ಆದರೆ 2024ರಲ್ಲಿ ಮಳೆ ಚೆನ್ನಾಗಿ ಸುರಿಯಿತು, ಬಾವಿ ಮೇಲಿನ ಕಲ್ಲಿನವರೆಗೆ ತುಂಬಿತು. ಆದರೂ 2025ರ ಶಿವರಾತ್ರಿಗೆ ಅಜ್ಜಿ ಹಗ್ಗ ಇಳಿಸಿದಾಗ ಎಂಟನೇ ಗಂಟಿಗೆ ನೀರು. ಬಂಡೆಯ ನಾಡು ಇದು. ಮೇಲಿನ ಮಣ್ಣಿನಲ್ಲಿ, ಮೆತ್ತಗಿನ ಕಲ್ಲಿನಲ್ಲಿ ನಿಂತ ನೀರು ಬಾವಿಗೆ ಒಸರುತ್ತದೆ. ಅದೇ ನೀರು ಬಂಡೆಯ ಬಿರುಕುಗಳಿಗೂ ಇಳಿಯುತ್ತದೆ. ಕೆಳಗಿನಿಂದ ಎಳೆದಷ್ಟೂ ಮೇಲಿನದು ಸೋರುತ್ತದೆ. ಹದಿನಾರು ಮನೆಗಳ ತೊಟ್ಟಿ ತುಂಬಿಸಲು ನಮ್ಮ ಪಂಪು ಹಗಲೂ ರಾತ್ರಿ ತಾನಾಗಿ ಹತ್ತುತ್ತದೆ, ತಾನಾಗಿ ಆರುತ್ತದೆ. "ನಿಮ್ಮ ಮೋಟ್ರು ಹತ್ತಿದ್ದು ನಂಗೆ ನಿದ್ದೇಲೂ ಗೊತ್ತಾಗ್ತದೆ" ಎಂದಿದ್ದರು ಅಜ್ಜಿ. ನಮಗೆ ಎಚ್ಚರವಿದ್ದಾಗಲೂ ಗೊತ್ತಾಗುತ್ತಿರಲಿಲ್ಲ.

ಈ ವ್ಯತ್ಯಾಸದ ಸುತ್ತಲೇ ನನ್ನ ಯೋಚನೆ ಸುತ್ತುತ್ತದೆ. ಅಜ್ಜಿಗೆ ನೆಲದ ನೀರು ಎಷ್ಟಿದೆ ಎಂಬುದು ಅಂಗೈಗೆ ಗೊತ್ತು. ಗೊತ್ತಾದ ದಿನವೇ ಮನೆಯ ರೀತಿ ಬದಲಾಗುತ್ತದೆ. ಹೂವಿನ ಗಿಡ ಬಾಡುತ್ತದೆ, ಬಟ್ಟೆ ಕಾಯುತ್ತದೆ. ನಮ್ಮ ಕಟ್ಟಡದಲ್ಲಿ ಉಳಿತಾಯದ ನಲ್ಲಿಗಳಿವೆ, ಸೆನ್ಸರ್‌ಗಳಿವೆ, ಗೋಡೆಯ ಮೇಲೆ ಹಸಿರು ಎಲೆಯ ಚಿತ್ರವಿದೆ. ಆದರೆ ಯಾರಿಗೂ ಏನೂ ಗೊತ್ತಾಗದ ಹಾಗೆ, ಯಾರೂ ಏನೂ ಬಿಡಬೇಕಾಗದ ಹಾಗೆ ಎಲ್ಲವನ್ನೂ ಜೋಡಿಸಿದ್ದಾರೆ. ತೊಂದರೆ ಕೊಡದಿರುವುದೇ ಅದರ ಹೆಚ್ಚುಗಾರಿಕೆ. ಕೆಂಪು ಬಟ್ಟೆ ಬಾವಿಗಿಳಿದ ದಿನವೂ ನಮ್ಮ ಮನೆಯ ಶವರ್ ಅಷ್ಟೇ ಜೋರಾಗಿ ಸುರಿಯುತ್ತಿತ್ತು.

ಬೋರ್‌ನ ನೀರು ಸಾಲದ ದಿನ ನಗರಸಭೆಯ ನೀರಿದೆ. ಈ ಊರಿನ ನೀರು ಒಂದಷ್ಟು ಹಿರೇಕೊಳಲೆ ಕೆರೆಯದು, ಒಂದಷ್ಟು ಯಗಚಿಯದು. ಯಗಚಿ ಹುಟ್ಟುವುದು ನನ್ನ ಕಿಟಕಿಗೆ ಕಾಣುವ ಇದೇ ಬಾಬಾಬುಡನ್ ಗಿರಿಸಾಲಿನಲ್ಲಿ. ನಮ್ಮ ಪಕ್ಕದಲ್ಲೇ ಹಾದು ಬೇಲೂರಿಗೆ ಇಳಿದು, ಅಲ್ಲಿನ ಜಲಾಶಯದಲ್ಲಿ ನಿಂತು, ಅಲ್ಲಿಂದ ಪಂಪುಗಳ ಬಲದಲ್ಲಿ ಮತ್ತೆ ಗುಡ್ಡ ಹತ್ತಿ ನಮ್ಮ ನಲ್ಲಿಗೆ ಬರುತ್ತದೆ. ತಾರಸಿಯ ಪ್ಯಾನೆಲ್ಲುಗಳ ಮೀಟರು ತೋರಿಸುವ ಉಳಿತಾಯದಲ್ಲಿ ಈ ಕರೆಂಟಿನ ಲೆಕ್ಕ ಬರುವುದಿಲ್ಲ. ಬೇರೆ ಮಾಡಿ ಕೊಟ್ಟ ನಮ್ಮ ಕಸ ಇಂದಾವರದ ವಿಲೇವಾರಿ ಘಟಕಕ್ಕೆ ಹೋಗುತ್ತದೆ. ಅದರ ವಾಸನೆಯ ಲೆಕ್ಕವೂ ಆ ಊರಿನವರ ಮೂಗಿಗೆ ಬಿಟ್ಟದ್ದು. ಕಟ್ಟಡದ ಕಾಂಪೌಂಡಿನ ಒಳಗಷ್ಟೇ ಕೂಡಿ ಕಳೆದರೆ ಯಾವ ಕಟ್ಟಡವಾದರೂ ಹಸಿರಾದೀತು.

ಅಪ್ಪ ತೋಟ ನೋಡುತ್ತಿದ್ದ ರೀತಿ ಈಗೀಗ ಅರ್ಥವಾಗುತ್ತಿದೆ. ದಾರಿಯಲ್ಲಿ ನಿಂತು ನೋಡಿದರೆ ಎಲ್ಲ ಕಾಫಿ ತೋಟವೂ ಹಸಿರೇ. ಅತ್ತಿ, ಹಲಸು, ನಂದಿ, ಬಸರಿ ಇಟ್ಟುಕೊಂಡ ತೋಟವೂ ಹಸಿರು. ಅವನ್ನೆಲ್ಲ ಕಡಿದು ಬರೀ ಸಿಲ್ವರ್ ನೆಟ್ಟ ತೋಟವೂ ಹಸಿರು. ಸಿಲ್ವರ್ ಆಸ್ಟ್ರೇಲಿಯಾದಿಂದ ಬಂದ ಮರ. ನೆಟ್ಟಗೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಡ. ಬೆಳೆಗಾರರ ಕಷ್ಟವೂ ನನಗೆ ಗೊತ್ತು, ಅವರನ್ನು ಬೈಯುವುದಿಲ್ಲ. ಆದರೆ ಅಪ್ಪ ಹೊಸ ತೋಟಕ್ಕೆ ಕಾಲಿಟ್ಟರೆ ಮೇಲೆ ನೋಡುತ್ತಿರಲಿಲ್ಲ. ಬಗ್ಗಿ ಒಂದು ಹಿಡಿ ದರಗು ಎತ್ತುತ್ತಿದ್ದರು. ಮೇಲಿನ ಒಣ ಎಲೆ ಸರಿಸಿ, ಅದರ ಕೆಳಗಿನ ಅರೆ ಕೊಳೆತದ್ದು, ಅದರ ಕೆಳಗಿನ ಕಪ್ಪು ಮಣ್ಣು, ಅದರಲ್ಲಿ ಹೊರಳುವ ಎರೆಹುಳು, ಇಷ್ಟನ್ನೂ ನೋಡಿ, ಮೂಸಿ, ಕೈ ಒರೆಸಿಕೊಂಡು, "ಇದು ಬೇಸಿಗೆ ತಡೀತದೆ" ಎಂದೋ "ಇದು ತಡೆಯಲ್ಲ" ಎಂದೋ ಹೇಳುತ್ತಿದ್ದರು. ನಮ್ಮ ಕಟ್ಟಡವನ್ನು ಅಪ್ಪ ನೋಡಿದ್ದರೆ ತಾರಸಿಗೆ ಹತ್ತುತ್ತಿರಲಿಲ್ಲ. ಸೀದಾ ಅಜ್ಜಿಯ ಬಾವಿಗೆ ಹೋಗುತ್ತಿದ್ದರು.

ಈ ಬೇಸಿಗೆಯಲ್ಲಿ ಕಟ್ಟಡದ ಮಾಲೀಕರ ಸಭೆ ನಡೆಯಿತು. ಬಾಡಿಗೆದಾರರು ಕೂರಬಹುದು, ಮತ ಇಲ್ಲ. ಹೇಗೂ ಮೋರಿಗೆ ಹೋಗುವ ತಾರಸಿಯ ನೀರನ್ನು ಜಲ್ಲಿ, ಮರಳು, ಇದ್ದಿಲಿನಲ್ಲಿ ಸೋಸಿ ಅಜ್ಜಿಯ ಬಾವಿಗೆ ಬಿಡೋಣವೇ, ರಾತ್ರಿ ಪಂಪಿಗೆ ಹೊತ್ತು ನಿಗದಿ ಮಾಡೋಣವೇ ಎಂದು ಕೇಳಿದೆ. ಸೌಜನ್ಯದಿಂದಲೇ ಕೇಳಿಸಿಕೊಂಡರು. ಆಮೇಲೆ ಒಬ್ಬ ಹಿರಿಯರು, "ನೋಡಮ್ಮಾ, ನೀವು ಹನ್ನೊಂದು ತಿಂಗಳಿನವರು. ನಾಳೆ ನೀವು ಹೋಗ್ತೀರಿ, ಇದನ್ನೆಲ್ಲ ನೋಡಿಕೊಳ್ಳೋರು ನಾವು" ಎಂದರು. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸ್ವಂತದ್ದಲ್ಲದ ಮನೆಯಲ್ಲಿದ್ದವರು ನೆಲದ ಬಗ್ಗೆ ಮಾತಾಡಬಾರದು ಎಂದಾದರೆ ಈ ಗುಡ್ಡಗಳಲ್ಲಿ ಬಾಯಿ ತೆರೆಯಬಲ್ಲವರು ಎಷ್ಟು ಜನ? ಅಪ್ಪ ಮೂವತ್ತೆರಡು ವರ್ಷ ಇದ್ದದ್ದು ತಮ್ಮದಲ್ಲದ ಮನೆಯಲ್ಲಿ. ಪ್ರತಿ ಮೇ ತಿಂಗಳು ಮನೆಯ ಹಿಂದಿನ ಹಳ್ಳದ ಕಾಲುವೆಯನ್ನು ಗುದ್ದಲಿ ಹಿಡಿದು ತಾವೇ ಬಿಡಿಸುತ್ತಿದ್ದರು. ಅವರು ನೆಟ್ಟ ಹಲಸು ಇಂದಿಗೂ ಕಾಯಿ ಬಿಡುತ್ತದೆ, ತಿನ್ನುವವರು ಬೇರೆಯವರು. ನಮ್ಮ ಮನೆಯ ಕೆಳಗೆ ಲೈನ್ ಮನೆಗಳ ಸಾಲಿತ್ತು. ಕಾರ್ಮಿಕರಿಗೆ ತೋಟದವರು ಮನೆ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಕೊಟ್ಟರು, ಕೆಲಸ ಇರುವವರೆಗೆ ಮನೆ. ಮೈ ಬಗ್ಗದ ದಿನ ಬಂದರೆ ಕೆಲಸದ ಜೊತೆಗೆ ಸೂರೂ ಹೋಗುತ್ತದೆ. ಕಾಫಿ ಹಣ್ಣು ಕೊಯ್ದು, ಮರಗಸಿ ಮಾಡಿ, ಚರಂಡಿ ತೆಗೆದು, ಈ ಬೆಟ್ಟಗಳ ಮಣ್ಣನ್ನು ನಿಲ್ಲಿಸಿದ ಕೈಗಳು ಅವರವೇ. ಅವರ ಹೆಸರಿನಲ್ಲಿ ಒಂದು ನಿವೇಶನದ ಚೀಟಿಯೂ ಇರಲಿಲ್ಲ.

ಸ್ವಂತ ಮನೆಯಿದ್ದವರ ಕಥೆ ತಾನೇ ಏನಾಯಿತು? 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಮನೆ, ಗದ್ದೆ, ತೋಟಗಳು ಮಣ್ಣಿನಡಿ ಹೋದವು. ಪಹಣಿ ಇದ್ದವರು, ಅಜ್ಜನ ಕಾಲದ ಹಕ್ಕುಪತ್ರ ಇದ್ದವರು, ಒಂದೇ ರಾತ್ರಿಯಲ್ಲಿ ಬಾಡಿಗೆ ಮನೆ ಹುಡುಕುವವರಾದರು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಘೋಷಿಸಿದ ಪರಿಹಾರ 5 ಲಕ್ಷ ರೂಪಾಯಿ. ಅಲ್ಲಿಂದ ಬಂದ ನೆಂಟರೊಬ್ಬರು ನಮ್ಮಲ್ಲಿ ಉಳಿದಿದ್ದಾಗ ಹೇಳಿದ ಮಾತು ನನ್ನ ಮನಸ್ಸಿನಲ್ಲಿದೆ: "ನಾವು ಅಂದ್ಕೊಂಡಿದ್ವಿ ಗುಡ್ಡ ನಮ್ಮದು ಅಂತ. ಅದಕ್ಕೆ ಅಗ್ರಿಮೆಂಟ್ ಗೊತ್ತಿರ್ಲಿಲ್ಲ."

ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಗೆ ಸೇರುತ್ತದೆ; ಕಳಸವನ್ನು ಬಳಸಿ ಹರಿಯುವ ಭದ್ರೆ ತುಂಗೆಯನ್ನು ಕೂಡಿ ಕೃಷ್ಣೆಗೆ ಸೇರುತ್ತದೆ. ಈ ಗುಡ್ಡಗಳ ಮೇಲೆ ಬಿದ್ದ ನೀರನ್ನು ಎಲ್ಲೆಲ್ಲಿಯದೋ ಜನ ಕುಡಿಯುತ್ತಾರೆ. ಇಂಥ ಜಾಗದಲ್ಲಿ ಮನೆ ಮಾಡಿಕೊಂಡವರು ಹನ್ನೊಂದು ತಿಂಗಳಿಗೆ ಬಂದವರಾಗಲಿ, ಮೂರು ತಲೆಮಾರಿನವರಾಗಲಿ, ನೀರಿನ ಮುಂದೆ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆ ಹಿರಿಯರಿಗೆ ಇದನ್ನು ಹೇಳಬೇಕೆಂದು ಅಂದು ತೋಚಲಿಲ್ಲ. ಆಮೇಲೆ ಒಂದು ದಿನ ಅವರನ್ನು ಅಜ್ಜಿಯ ಹಿತ್ತಲಿಗೆ ಕರೆದುಕೊಂಡು ಹೋದೆ. ಅವರ ಕೈಗೇ ಹಗ್ಗ ಕೊಟ್ಟರು ಅಜ್ಜಿ. ಒಂಬತ್ತು ಗಂಟು ಎಣಿಸಿ ಅವರು ಸುಮ್ಮನೆ ನಿಂತುಬಿಟ್ಟರು. ಬಾಲ್ಯದಲ್ಲಿ ತಮ್ಮ ಊರಿನ ಬಾವಿಯಲ್ಲೂ ಹಗ್ಗಕ್ಕೆ ಗಂಟಿದ್ದದ್ದು ನೆನಪಾಯಿತೆಂದು ಹೊರಬರುವಾಗ ಹೇಳಿದರು.

ಮುಂಗಾರಿಗೆ ಮುಂಚೆ, ತಾರಸಿಯ ನಾಲ್ಕು ಪೈಪುಗಳಲ್ಲಿ ಒಂದನ್ನು ಪ್ರಯೋಗಕ್ಕೆಂದು ಅಜ್ಜಿಯ ಬಾವಿಯ ಕಡೆ ತಿರುಗಿಸಲು ಒಪ್ಪಿಗೆ ಸಿಕ್ಕಿತು. ಐದು ಬಾಡಿಗೆ ಮನೆಯವರು ಖರ್ಚು ಹಂಚಿಕೊಂಡೆವು. ಸೋಸುವ ತೊಟ್ಟಿಗೆ ಇದ್ದಿಲನ್ನು ಅಜ್ಜಿಯೇ ತಮ್ಮ ಒಲೆಯಿಂದ ಕೊಟ್ಟರು. ಪಂಪಿನ ಹೊತ್ತು ನಿಗದಿಯಾಗಿಲ್ಲ; ಅದು ಇನ್ನೂ ಆಗಬೇಕಾದ ಕೆಲಸ. ಮಳೆಗಾಲದಲ್ಲಿ ಬಾವಿ ತುಂಬಿದ್ದು ನಮ್ಮ ಪೈಪಿನಿಂದಲೋ ಮಳೆಯಿಂದಲೋ ಹೇಳಲು ಬರುವುದಿಲ್ಲ, ಪ್ರತಿ ವರ್ಷವೂ ತುಂಬುತ್ತದೆ. ಗೊತ್ತಾಗುವುದು ಬರುವ ಶಿವರಾತ್ರಿಗೆ, ಕೆಂಪು ಬಟ್ಟೆ ಎಲ್ಲಿ ನಿಲ್ಲುತ್ತದೆ ಎಂದು ನೋಡಿದಾಗ.

ನವೆಂಬರಿಗೆ ನಮ್ಮ ಮೂರನೆಯ ಅಗ್ರಿಮೆಂಟು. ಹದಿನೆಂಟನೆಯ ಷರತ್ತೊಂದನ್ನು ಸೇರಿಸಿ ಎಂದು ಬೆಂಗಳೂರಿನಲ್ಲಿರುವ ಮನೆ ಮಾಲೀಕರಿಗೆ ಬರೆದಿದ್ದೇನೆ: ಬಾಡಿಗೆದಾರರು ಬದಲಾದರೂ ಬಾವಿಯ ಪೈಪನ್ನು ತೆಗೆಯತಕ್ಕದ್ದಲ್ಲ. ಉತ್ತರ ಇನ್ನೂ ಬಂದಿಲ್ಲ. ಇದನ್ನು ಓದುತ್ತಿರುವವರಲ್ಲಿ ಚಿಕ್ಕಮಗಳೂರಿಗೋ ಮೂಡಿಗೆರೆಗೋ ಬಾಡಿಗೆ ಮನೆ ನೋಡಲು ಬರುವವರಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ತಾರಸಿಯ ಮೇಲಿನದನ್ನೆಲ್ಲ ಖಂಡಿತ ನೋಡಿ, ಅವೆಲ್ಲ ಬೇಕಾದವೇ. ಆದರೆ ಅಡ್ವಾನ್ಸ್ ಕೊಡುವ ಮೊದಲು ಪಕ್ಕದ ಮನೆಯವರ ಅಪ್ಪಣೆ ಕೇಳಿ, ಅವರ ಬಾವಿಯನ್ನೊಮ್ಮೆ ಬಗ್ಗಿ ನೋಡಿ ಬನ್ನಿ.